ಸ್ಕೂಟರ್ ಹೊತ್ತ ಕಬ್ಬಿಣ

"ಇಲ್ಲ ಅಂದ್ರ ಇಲ್ರೀ ಅಕ್ಕಾರ. ಎಷ್ಟ್ ಸಲ ಕೇಳಿದ್ರೂ ಅದ ಮಾತು."

ಕಬ್ಬಿಣದ ಪೇಟೆಯ ಹಮಾಲಿ ಮಹಾದೇವಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕುತ್ತಿಗೆಯ ಬೆವರು ಒರೆಸಿಕೊಂಡ. ಅವನ ಬೆನ್ನ ಹಿಂದೆ ಕ್ರೇನು ಕಬ್ಬಿಣದ ಸರಳುಗಳ ದೊಡ್ಡದೊಂದು ಕಟ್ಟನ್ನು ಲಾರಿಗೆ ಇಳಿಸಿತು. ಆ ಸದ್ದಿಗೆ ಜಲಜಾಕ್ಷಿಯ ಹಲ್ಲು ಜುಮ್ಮೆಂದಿತು.

"ಸರಿಯಾಗಿ ನೋಡಿ ಹೇಳು ಮಾರಾಯ. ಗಂಧರ್ವ ಸ್ಟೀಲ್. ಕಳಂಬೋಲಿ, ಇದೇ ರಸ್ತೆ. ಗಾಳಾ ನಂಬರು, ಮಳಿಗೆಯದ್ದು, ಅದು ಕೂಡ ಉಂಟು."

"ನಂಬರ್ ಐತ್ರಿ. ಆ ನಂಬರಿನ ಜಾಗಾದಾಗ ಏನೈತಿ, ನೀವ ನೋಡ್ರಿ."

ಅವನು ಕೈ ತೋರಿದ ಕಡೆ ಪಂಕ್ಚರ್ ಹಾಕುವವನೊಬ್ಬ ಲಾರಿಯ ಹಳೆಯ ಟಯರಿನ ಮೇಲೆ ಕುಳಿತು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದ. ಅದೇ ಗಂಧರ್ವ ಸ್ಟೀಲ್! ಬಿಲ್ಲಿನ ಪ್ರಕಾರ ಈ ಟಯರಿನ ಜಾಗದಿಂದಲೇ ಇಪ್ಪತ್ತು ಟನ್ ಸರಳು ಕಲ್ಯಾಣದ ಕಂಟ್ರಾಕ್ಟರನೊಬ್ಬನಿಗೆ ಹೋಗಿತ್ತು.

ಜಲಜಾಕ್ಷಿ ಬಿಲ್ಲನ್ನು ಮಡಚಿ ಬ್ಯಾಗಿಗೆ ತುರುಕಿದಳು. ಕಾಣೆಯಾದ ವಸಂತಕುಮಾರ ಮೇಷ್ಟ್ರು ಮನೆಯಲ್ಲಿ ಬಿಟ್ಟಿದ್ದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದು ಇದೊಂದೇ ಕಾಗದ. ಒಂದು ವಾರದಿಂದ ಅವಳು ಊರೂರು ಅಲೆಯುತ್ತಿದ್ದುದು ಇದನ್ನೇ ಹಿಡಿದುಕೊಂಡು.

ಅಲೆದದ್ದಷ್ಟೇ ಬಂತು. ಪೊಲೀಸರ ಹತ್ತಿರ ಹೋದರೆ, ದೊಡ್ಡವರು, ಓದಿದವರು, ತಾವಾಗಿಯೇ ಬರುತ್ತಾರೆ ಎಂದರು. ಬೇಲಾಪುರದಲ್ಲಿ ತೆರಿಗೆಯವರ ಮುಂದೆ ನಿಂತರೆ, ಕಂಪನಿಯ ಮಾಲೀಕ ಯಾರೆಂಬುದನ್ನು ಹೊರಗಿನವರಿಗೆ ಹೇಳುವಂತಿಲ್ಲ ಎಂದರು. ಬಿಲ್ಲಿನಲ್ಲಿ ಹೆಸರಿದ್ದ ಕಂಟ್ರಾಕ್ಟರನಂತೂ ಬಾಗಿಲನ್ನೇ ತೆರೆಯಲಿಲ್ಲ. ಠಾಣೆ ಊರಿನ ವರ್ತಕ ನಗರದಲ್ಲಿ ಅವಳಿಗೊಂದು ಪುಟ್ಟ ಪತ್ತೇದಾರಿ ಆಫೀಸು. ಅಲ್ಲಿಗೆ ಬರುತ್ತಿದ್ದುದು ಹೆಚ್ಚಾಗಿ ಮದುವೆಗೆ ಮುಂಚೆ ಗಂಡಿನ ನಡತೆ ವಿಚಾರಿಸಿ ಕೊಡಿ ಎನ್ನುವವರು. ಆ ಕೆಲಸದಲ್ಲಿ ಪಕ್ಕದ ಮನೆಯವರಾದರೂ ಬಾಯಿ ಬಿಡುತ್ತಿದ್ದರು. ಇಲ್ಲಿ ಬಾಯಿ ಬಿಡುವವರೇ ಇಲ್ಲ. ಮೇ ತಿಂಗಳ ಬಿಸಿಲು ಬೇರೆ ಕಬ್ಬಿಣದ ರಾಶಿಗೆ ಬಡಿದು ಮುಖಕ್ಕೇ ಹೊಡೆಯುತ್ತಿತ್ತು.

ಹೊರಡಲೆಂದು ತಿರುಗಿದಳು.

"ನೀವೇನ್ ಮೊದಲನೇರಲ್ರಿ" ಎಂದ ಮಹಾದೇವಪ್ಪ.

ಜಲಜಾಕ್ಷಿ ನಿಂತಳು.

"ಏನಂದೆ?"

"ಇದ ಕಂಪನಿ ಕೇಳಕೋತ ಹೋದ ವಾರ ಒಬ್ರು ಬಂದಿದ್ರು. ಕನ್ನಡಕಾ ಹಾಕ್ಕೊಂಡಿದ್ರು, ತೆಳ್ಳಗ, ಮೇಷ್ಟ್ರ ಕಂಡಂಗ ಕಂಡ್ರು. ಕನ್ನಡ ಮಾತಾಡ್ಲಿಕ್ಕ ಹತ್ತಿದ್ರು, ಅದಕ್ಕ ನನ್ನ ಕಿವಿ ಅತ್ಲಾಗ ಹೋತು."

ಅವಳು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದಳು. ಮಹಾದೇವಪ್ಪ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ.

"ಇವ್ರ."

"ಯಾರ ಹತ್ತಿರ ಮಾತಾಡ್ತಿದ್ರು?"

"ಫೋನಿನಾಗ್ರಿ. 'ಸರ್ವೋತ್ತಮಾ, ನನ್ನ ಮಕ್ಕಳ ಕೈಯಾಗ ಏನ್ ಬರೆಸಿದಿ' ಅಂತ ಬೈದ್ರು. ಅದನ್ನ ಮತ್ತ ಮತ್ತ ಅಂದ್ರು. ಫೋನ್ ಇಟ್ಟ ಮ್ಯಾಲ ಈ ಕಲ್ಲಿನ ಮ್ಯಾಲ ಕುಂತು ನಗಲಿಕ್ಕ ಹತ್ತಿದ್ರು. 'ನನ್ನ ಸ್ಕೂಟರು ಇಪ್ಪತ್ ಟನ್ ಕಬ್ಬಿಣ ಹೊತ್ತೈತಿ, ನೋಡಪಾ' ಅಂದ್ರು ನನಗ. ನಗತಾನ ಇದ್ರು, ಕಣ್ಣಾಗ ನೀರು. ಬಿಸಿಲಿಗೆ ತಲಿ ತಿರುಗೇತೇನೊ ಅಂತ ನೀರು ಕೊಟ್ಟೆ."

"ಆಮೇಲೆ?"

"ಒಂದು ಬಿಳಿ ಕಾರು ಬಂತು. ಕಪ್ಪನ್ನ ಗಾಜು, ಒಳಗ ಯಾರಂತ ಕಾಣಲಿಲ್ಲ. ಮೇಷ್ಟ್ರು ಎದ್ದು ಹೋಗಿ ತಾವ ಬಾಗಿಲಾ ತಗದು ಕುಂತ್ರು. ಯಾರೂ ಎಳಕೊಂಡ್ ಹೋಗಿಲ್ರಿ."

ತಾವೇ ಬಾಗಿಲು ತೆಗೆದರು. ಅಂದರೆ ಒಳಗಿದ್ದವರು ಗೊತ್ತಿದ್ದವರು.

ಸರ್ವೋತ್ತಮ ಯಾರೆಂಬುದು ಜಲಜಾಕ್ಷಿಗೆ ಗೊತ್ತಿತ್ತು. ವಸಂತಕುಮಾರ ಮೇಷ್ಟ್ರು ಅಕೌಂಟ್ಸ್ ಕಲಿಸುತ್ತಿದ್ದ ಸಾರ್ಥಕ ಇನ್‌ಸ್ಟಿಟ್ಯೂಟಿನ ಮಾಲೀಕ. ಆದರೆ 'ನನ್ನ ಮಕ್ಕಳು' ಅಂದರೆ ಯಾರು? ಮೇಷ್ಟ್ರಿಗೆ ಮಕ್ಕಳೇ ಇರಲಿಲ್ಲ. ಇನ್ನು ಸ್ಕೂಟರು ಕಬ್ಬಿಣ ಹೊರುವುದೆಂದರೇನು?

ಅಷ್ಟರಲ್ಲಿ ಫೋನು ರಿಂಗಾಯಿತು. ಮೇಷ್ಟ್ರ ಹೆಂಡತಿ ದ್ರೌಪದಿ.

"ಜಲಜಕ್ಕ, ಎಲ್ಲಿದ್ದೀರಿ? ಅವರ ಸ್ಟೂಡೆಂಟ್ ಒಬ್ಬಳು ಮನೆಗೆ ಬಂದಿದ್ದಾಳೆ. ಎಂತದೋ ಹೇಳಬೇಕಂತೆ. ನನ್ನತ್ರ ಹೇಳುದಿಲ್ಲ ಅಂತಾಳೆ."

*

ಕಳಂಬೋಲಿಯಿಂದ ಡೊಂಬಿವಲಿಗೆ ಹೋಗುವ ಬಸ್ಸು ಶಿಳ್‌ಫಾಟಾದಲ್ಲಿ ನಿಂತೇಬಿಟ್ಟಿತು. ಮುಂದೆ ಟ್ರೈಲರೊಂದು ಅಡ್ಡಡ್ಡ ಕೆಟ್ಟು ನಿಂತಿದೆಯಂತೆ. ಕಂಡಕ್ಟರ್ ಇಳಿದು ಹೋಗಿ ಬೀಡಿ ಹಚ್ಚಿದ. ಡ್ರೈವರ್ ಸ್ಟಿಯರಿಂಗಿನ ಮೇಲೆ ತಲೆ ಇಟ್ಟ.

ಜಲಜಾಕ್ಷಿ ಸರ್ವೋತ್ತಮನ ನಂಬರಿಗೆ ಫೋನು ಮಾಡಿದಳು. ಹುಡುಗಿಯೊಬ್ಬಳು ಎತ್ತಿ, ಸರ್ ಮೀಟಿಂಗಿನಲ್ಲಿದ್ದಾರೆ ಎಂದಳು. ಮತ್ತೆ ಮಾಡಿದಾಗಲೂ ಮೀಟಿಂಗು. ಮೂರನೆಯ ಸಲ ಫೋನೇ ಎತ್ತಲಿಲ್ಲ. ಪಕ್ಕದ ಸೀಟಿನಾಕೆ ಕೈಗೂಸಿಗೆ ಗಾಳಿ ಹಾಕುತ್ತ ಮರಾಠಿಯಲ್ಲಿ ಸರಕಾರವನ್ನು ಬೈಯುತ್ತಿದ್ದಳು. ಜಲಜಾಕ್ಷಿಗೆ ತಾನೂ ಯಾರನ್ನಾದರೂ ಬೈಯಬೇಕೆನಿಸಿತು. ಯಾರನ್ನೆಂದು ಗೊತ್ತಾಗದೆ ಸುಮ್ಮನಾದಳು.

ಡೊಂಬಿವಲಿ ಪೂರ್ವದ ಆ ಹಳೆಯ ಬಿಲ್ಡಿಂಗಿಗೆ ಲಿಫ್ಟಿಲ್ಲ. ಮೆಟ್ಟಿಲು ಹತ್ತಿ ಬಂದವಳಿಗೆ ದ್ರೌಪದಿ ಮೊದಲು ಮಜ್ಜಿಗೆ ಕೊಟ್ಟಳು. ನಿದ್ದೆಯಿಲ್ಲದ ಕಣ್ಣು, ಆದರೆ ಕೂದಲು ಒಪ್ಪವಾಗಿ ಬಾಚಿದ್ದಳು. ಅತ್ತು ಕರೆಯುವ ಹೆಂಗಸಲ್ಲ ಆಕೆ. ಉಡುಪಿ ಕಡೆಯವಳು, ಜಲಜಾಕ್ಷಿಯ ಜೊತೆ ತುಳುವಿನಲ್ಲೇ ಮಾತು ಶುರುಮಾಡಿ, ಹುಡುಗಿ ಇದ್ದಾಳೆಂದು ನೆನಪಾಗಿ ಕನ್ನಡಕ್ಕೆ ತಿರುಗಿದಳು.

ಸೋಫಾದ ತುದಿಯಲ್ಲಿ ಅನುಷ್ಕಾ ಕುಳಿತಿದ್ದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಅಪ್ಪನಿಗೆ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಸಿ.ಎ. ಮಾಡಬೇಕೆಂಬ ಆಸೆ.

"ಎಂತ ಹೇಳಬೇಕಿತ್ತು ಮಗಾ?"

ಅನುಷ್ಕಾ ದ್ರೌಪದಿಯ ಕಡೆ ಒಮ್ಮೆ ನೋಡಿದಳು.

"ಸರ್‌ಗೆ ಮೇರಿ ವಜಹ್ ಸೇ, ನನ್ನಿಂದ, ಏನಾದ್ರೂ ಆಯ್ತಾ ಆಂಟಿ? ಕಾಣೆಯಾಗುವ ಮೊದಲು ಕ್ಲಾಸಿಗೆ ಬಂದು, ಕಬ್ಬಿಣದ್ದು ಎಲ್ಲಾ ಬಿಲ್ಲು ಯಾರು ಮಾಡಿದ್ದು ಅಂತ ಕೇಳಿದ್ರು. ನಾನು ಕೈ ಎತ್ತಿದೆ. ಸರ್ ಸೀದಾ ಬಾಹರ್ ಚಲೇ ಗಯೇ, ಹೊರಗೆ ಹೋದ್ರು."

"ಯಾವ ಬಿಲ್ಲು?"

ಅವಳು ಬ್ಯಾಗಿನಿಂದ ಪ್ರಿಂಟೊಂದನ್ನು ತೆಗೆದು ಕೊಟ್ಟಳು. ಕ್ಲಾಸಿನಲ್ಲಿ ಮಾಡಿದ ಅಭ್ಯಾಸದ್ದು ಎಂದಳು. ಜಲಜಾಕ್ಷಿ ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿದಳು. ಓದಿ ಮತ್ತೊಮ್ಮೆ ಓದಿದಳು.

ಗಂಧರ್ವ ಸ್ಟೀಲ್, ಕಳಂಬೋಲಿ.

"ಇದು ಎಲ್ಲಿಯ ಕಂಪನಿ?" ಅವಳ ದನಿ ತಾನಾಗಿ ಏರಿತು.

"ಎಲ್ಲಿಯದೂ ಅಲ್ಲ ಆಂಟಿ. ಪ್ರಾಕ್ಟೀಸ್ ಕಂಪನಿ ಹೈ. ಸರ್ ಬನಾಯಾ, ಕ್ಲಾಸಿಗೆ ಅಂತ ಮಾಡಿದ್ದು."

ಅನುಷ್ಕಾ ಹೇಳಿದ್ದು ಇಷ್ಟು. ಪುಸ್ತಕದ ಲೆಕ್ಕಗಳೆಂದರೆ ವಸಂತಕುಮಾರ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಪುಸ್ತಕ ಉರು ಹೊಡೆದು ಪಾಸಾದವರು ನಾಳೆ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತರೆ ಪೆದ್ದರಾಗುತ್ತಾರೆ ಎನ್ನುತ್ತಿದ್ದರು. ಅದಕ್ಕೆ ಕಂಪ್ಯೂಟರಿನಲ್ಲಿ ಇಲ್ಲದ ಕಂಪನಿಯೊಂದನ್ನು ಕಟ್ಟಿದರು. ಒಬ್ಬ ವಿದ್ಯಾರ್ಥಿಗೆ ಖರೀದಿ, ಒಬ್ಬಳಿಗೆ ಮಾರಾಟದ ಬಿಲ್ಲು, ಇನ್ನೊಬ್ಬನಿಗೆ ಗೋದಾಮು, ಮತ್ತೊಬ್ಬನಿಗೆ ಬ್ಯಾಂಕು. ದಿನಾ ವ್ಯಾಪಾರ ನಡೆಯುತ್ತಿತ್ತು. ಸರಕೂ ಇಲ್ಲ, ದುಡ್ಡೂ ಇಲ್ಲ, ಲೆಕ್ಕ ಮಾತ್ರ ಇತ್ತು. ಹಾಗೆ ಕಲಿತ ಮಕ್ಕಳನ್ನು ಕಂಪನಿಗಳು ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತಿದ್ದವು.

ನನ್ನ ಮಕ್ಕಳು. ಈಗ ತಿಳಿಯಿತು.

ಜಲಜಾಕ್ಷಿ ತನ್ನ ಬ್ಯಾಗಿನಲ್ಲಿದ್ದ ಬಿಲ್ಲನ್ನು ಅದರ ಪಕ್ಕ ಇಟ್ಟಳು. ಅದೇ ಹೆಸರು, ಅದೇ ಇಪ್ಪತ್ತು ಟನ್, ಅದೇ ಕಂಟ್ರಾಕ್ಟರ್. ಒಂದೇ ಒಂದು ವ್ಯತ್ಯಾಸ. ಅಭ್ಯಾಸದ ಪ್ರಿಂಟಿನಲ್ಲಿ ತೆರಿಗೆ ನಂಬರಿನ ಜಾಗ ಖಾಲಿ. ಮೇಷ್ಟ್ರ ಜೇಬಿನ ಬಿಲ್ಲಿನಲ್ಲಿ ಅಲ್ಲಿ ನಂಬರು ಇತ್ತು. ಸಹಿಯೂ ಇತ್ತು.

"ಈ ಲಾರಿ ನಂಬರು ಯಾರು ಕೊಟ್ಟದ್ದು?"

"ಸರ್. ಗಾಡಿ ನಂಬರು ಹಾಕದಿದ್ರೆ ಸಾಫ್ಟ್‌ವೇರು ಬಿಲ್ಲು ತಗೊಳ್ಳುದೇ ಇಲ್ಲ. ಸರ್ ಒಂದು ನಂಬರು ಹೇಳಿದ್ರು. ಹಮ್ ಸಬ್ ಅದನ್ನೇ ಹಾಕ್ತೇವೆ."

ಕೊನೆಯ ನಾಲ್ಕು ಅಂಕಿ 6170.

ಜಲಜಾಕ್ಷಿ ಥಟ್ಟನೆ ಎದ್ದಳು. ಎರಡೂ ಕಾಗದ ಹಿಡಿದು ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದಳು. ಬಿಲ್ಡಿಂಗಿನ ಗೋಡೆಗೆ ಒರಗಿ ಮೇಷ್ಟ್ರ ಬೂದು ಬಣ್ಣದ ಸ್ಕೂಟರು ನಿಂತಿತ್ತು. ಒಂದು ವಾರದ ಧೂಳು. ಯಾವುದೋ ಬೆಕ್ಕು ಸೀಟಿನ ಮೇಲೆ ಮಲಗಿತ್ತು. ಅವಳು ಬಗ್ಗಿ ನಂಬರ್ ಪ್ಲೇಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

6170.

ಬಿಸಿಲಿನಲ್ಲಿ ನಿಂತೇ ಅವಳಿಗೂ ನಗು ಬಂತು. ಆಮೇಲೆ ಕೈಯಲ್ಲಿದ್ದ ಕಾಗದಗಳನ್ನು ಮತ್ತೊಮ್ಮೆ ನೋಡಿದಳು. ಮಕ್ಕಳ ಪಾಠಕ್ಕೆಂದು ಮೇಷ್ಟ್ರು ಕೈಗೆ ಸಿಕ್ಕಿದ ನಂಬರು ಹೇಳಿದ್ದರು, ತಮ್ಮದೇ ಸ್ಕೂಟರಿನದು. ಆ ಪಾಠ ಯಾರದೋ ಕೈಯಿಂದ ಹೊರಗೆ ಹೋಗಿ ನಿಜದ ಬಿಲ್ಲಾಗಿತ್ತು. ಆ ಬಿಲ್ಲು ಎಲ್ಲೋ ಯಾರದೋ ಕಣ್ಣಿಗೆ ಬಿದ್ದರೆ, ಗಾಡಿ ಯಾರದೆಂದು ಹುಡುಕಿಕೊಂಡು ಬಂದವರು ನಿಲ್ಲುವುದು ಮೇಷ್ಟ್ರ ಬಾಗಿಲಲ್ಲೇ.

ಮೇಲೆ ಬಂದು ಕೇಳಿದಳು: "ಕಬ್ಬಿಣ ಹೋಗದೆ ಬಿಲ್ಲು ಮಾತ್ರ ಹೋದರೆ ಯಾರಿಗೆ ಎಂತ ಲಾಭ ಅನುಷ್ಕಾ? ನನಗೆ ಲೆಕ್ಕಶಾಸ್ತ್ರ ತಲೆಗೆ ಹೋಗುದಿಲ್ಲ, ಬಿಡಿಸಿ ಹೇಳು."

"ಖರೀದಿ ಮಾಡಿದವರು ಅದರ ಮೇಲೆ ಕೊಟ್ಟ ವ್ಯಾಟನ್ನು, ಅಂದ್ರೆ ಮಾರಾಟದ ಟ್ಯಾಕ್ಸನ್ನು, ತಮ್ಮ ತೆರಿಗೆಯಿಂದ ಕಳೀಬಹುದು ಆಂಟಿ. ಬಿಲ್ಲು ತೋರಿಸಿದ್ರೆ ಆಯ್ತು."

"ಹಾಗಾದರೆ ಕಬ್ಬಿಣ ಬೇಡ. ಬಿಲ್ಲು ಸಾಕು."

"ಲೇಕಿನ್ ಬಿಲ್ಲು ಮಾರುವ ಕಂಪನಿ ಅಸಲಿ ಕಾಣಬೇಕು. ಖರೀದಿ, ಸ್ಟಾಕು, ಬ್ಯಾಂಕು, ಎಲ್ಲಾ ಟ್ಯಾಲಿ ಆಗಬೇಕು. ಇಲ್ಲದಿದ್ರೆ ಕೂಡಲೇ ಸಿಕ್ಕಿ ಬೀಳ್ತಾರೆ." ಹೇಳುತ್ತ ಹೇಳುತ್ತ ಹುಡುಗಿಯ ದನಿ ಸಣ್ಣದಾಯಿತು. "ನಾವು ಎಲ್ಲಾ ಟ್ಯಾಲಿ ಮಾಡ್ತೇವೆ ಆಂಟಿ. ಮಾಡದಿದ್ರೆ ಸರ್ ಮಾರ್ಕು ಕೊಡುದಿಲ್ಲ."

ದ್ರೌಪದಿ ಮಜ್ಜಿಗೆಯ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟಳು.

ಅನುಷ್ಕಾ ನಿಜದ ಬಿಲ್ಲನ್ನು ಕೈಗೆ ತೆಗೆದುಕೊಂಡು ಬುಡದ ಮೂಲೆ ತೋರಿಸಿದಳು. ಬಿಲ್ಲು ತಯಾರಿಸಿದವರ ಹೆಸರನ್ನು ಕಂಪ್ಯೂಟರು ತಾನಾಗಿಯೇ ಸಣ್ಣ ಅಕ್ಷರದಲ್ಲಿ ಹಾಕಿತ್ತು. ಅನುಷ್ಕಾ.

"ಪೊಲೀಸ್ ಮುಝೇ ಪಕಡೇಗಿ? ನನ್ನನ್ನು ಹಿಡೀತಾರಾ? ಪಪ್ಪನಿಗೆ ಗೊತ್ತಾದ್ರೆ..."

ಇಲ್ಲ ಮಗಾ, ನಿನಗೇನೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಹಾಗೆ ಹೇಳಲು ಜಲಜಾಕ್ಷಿಯ ಹತ್ತಿರ ಏನಿತ್ತು? ಒಂದು ಸ್ಕೂಟರು, ಒಂದು ಹೆಸರು, ಗಾಜು ಕಪ್ಪಾದ ಕಾರು.

"ನಿನ್ನ ಫೋನ್ ನಂಬರು ಕೊಡು" ಎಂದಳು. "ನಾನು ಈಗಲೇ ಸರ್ವೋತ್ತಮನ ಹತ್ತಿರ ಹೋಗ್ತೇನೆ. ನೀನು ಯಾರಿಗೂ ಏನೂ ಹೇಳಬೇಡ, ಸೀದಾ ಮನೆಗೆ ಹೋಗು."

"ಹೀಗೆ ಹೆದರಿದವಳನ್ನು ಬರಿಹೊಟ್ಟೆಯಲ್ಲಿ ಕಳಿಸುದಾ ಜಲಜಕ್ಕ?" ಎಂದಳು ದ್ರೌಪದಿ. "ಎರಡು ತುತ್ತು ಊಟ ಮಾಡಿ ಹೋಗಲಿ. ನನಗೂ ಒಬ್ಬಳೇ ಉಂಡು ಉಂಡು ಸಾಕಾಗಿದೆ."

*

ಕಲ್ಯಾಣದ ಸ್ಟೇಷನ್ನಿನಿಂದ ಸಾರ್ಥಕ ಇನ್‌ಸ್ಟಿಟ್ಯೂಟಿಗೆ ನಡೆದೇ ಹೋಗಬಹುದು. ಮೀಟಿಂಗು ಎಂದಿದ್ದು ಸುಳ್ಳಾಗಿರಲಿಲ್ಲ. ಎ.ಸಿ. ಹಾಲಿನಲ್ಲಿ ವ್ಯಾಪಾರಿಗಳು ತುಂಬಿ ಕುಳಿತಿದ್ದರು. 'ಅಂಗಡಿಗೆ ಕಂಪ್ಯೂಟರ್: ಖರ್ಚೋ ಲಾಭವೋ' ಎಂದು ಹಿಂದಿಯಲ್ಲಿ ಬ್ಯಾನರು. ವೇದಿಕೆಯ ಮೇಲೆ ಸರ್ವೋತ್ತಮ, ಬಿಳಿ ಅಂಗಿಯ ತೋಳು ಮಡಚಿ, ಮೈಕು ಹಿಡಿದು ಓಡಾಡುತ್ತಿದ್ದ.

ಜಲಜಾಕ್ಷಿ ಹಿಂದಿನ ಸಾಲಿನಲ್ಲಿ ಕುಳಿತಳು. ಎದ್ದು ಹೋಗಿ ಅವನ ಮೈಕು ಕಿತ್ತುಕೊಳ್ಳಬೇಕೆನಿಸಿತು. ಆದರೂ ಕೇಳಿದಳು. ಮನುಷ್ಯ ಚೆನ್ನಾಗಿಯೇ ಮಾತಾಡುತ್ತಿದ್ದ.

ಮಷೀನು ಕೊಂಡ ಮಾತ್ರಕ್ಕೆ ಲಾಭ ಬರುವುದಿಲ್ಲ, ಎನ್ನುತ್ತಿದ್ದ. ಎದುರಿನ ಅಂಗಡಿಯವನೂ ಅದೇ ಮಷೀನು ಕೊಳ್ಳುತ್ತಾನೆ, ಅದೇ ಸಾಫ್ಟ್‌ವೇರು ಹಾಕಿಸುತ್ತಾನೆ. ಹಾಗಿದ್ದ ಮೇಲೆ ನಿಮಗೂ ಅವನಿಗೂ ವ್ಯತ್ಯಾಸ ಎಲ್ಲಿ? ಮಷೀನಿನ ಮುಂದೆ ಕೂರುವ ಮನುಷ್ಯನಲ್ಲಿ. ನಾನು ಕಂಪ್ಯೂಟರು ಮಾರುವುದಿಲ್ಲ ಸೇಠ್, ಆ ಮನುಷ್ಯರನ್ನು ತಯಾರು ಮಾಡುತ್ತೇನೆ.

ಚಪ್ಪಾಳೆ ಬಿತ್ತು. ಜಲಜಾಕ್ಷಿ ತಟ್ಟಲಿಲ್ಲ.

ಸಭೆ ಮುಗಿದು, ಚಹಾ ಮುಗಿದು, ಕಾರ್ಡುಗಳ ವಿನಿಮಯ ಮುಗಿದು, ಕೊನೆಗೊಮ್ಮೆ ಅವನ ಕ್ಯಾಬಿನ್ನಿನ ಬಾಗಿಲು ಅವಳಿಗೆ ತೆರೆಯಿತು.

"ಬನ್ನಿ ಬನ್ನಿ. ಎಂತ ಕುಡಿತೀರಿ?"

ಅವಳು ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಟ್ಟಂತ ಇಟ್ಟಳು.

ಸರ್ವೋತ್ತಮ ಓದಿದ. ರೆಪ್ಪೆ ಮಿಟುಕಿಸಲಿಲ್ಲ.

"ಇದು ಎಲ್ಲಿ ಸಿಕ್ಕಿತು ನಿಮಗೆ?"

"ವಸಂತಕುಮಾರ ಮೇಷ್ಟ್ರ ಜೇಬಿನಲ್ಲಿ."

"ಹಾಗಾದ್ರೆ ಅವರನ್ನೇ ಕೇಳಬೇಕಲ್ಲ ಮೇಡಂ?"

"ಅವರು ಇದ್ದಿದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ? ಕಳಂಬೋಲಿಯಿಂದ ಅವರು ನಿಮಗೆ ಫೋನು ಮಾಡಿದ್ರು. ಬೈದ್ರು. ಅದನ್ನು ನೀವು ಪೊಲೀಸರಿಗೆ ಹೇಳಲಿಲ್ಲ."

ಅವನು ಕುರ್ಚಿಗೆ ಒರಗಿದ. ಹೊರಗೆ ಚಹಾದ ಲೋಟಗಳನ್ನು ಯಾರೋ ಕೂಡಿಡುತ್ತಿದ್ದ ಸದ್ದು ಕೇಳುತ್ತಿತ್ತು.

"ಮಾಡಿದ್ದು ಹೌದು. ತಲೆಬುಡ ಇಲ್ಲದ ಮಾತು. ಸ್ಕೂಟರಂತೆ, ಕಬ್ಬಿಣವಂತೆ. ಕಲ್ಯಾಣಕ್ಕೆ ಬಾ, ಕೂತು ನೋಡುವ ಅಂತ ಹೇಳಿದೆ. ಬರ್ತೇನೆ ಅಂದ. ಬರಲಿಲ್ಲ."

"ಕಾರು ಕಳಿಸಿದ್ರಿ ಅಲ್ಲವಾ? ಬಿಳಿ ಕಾರು."

"ನನ್ನ ಕಾರು ನೀಲಿ. ಕೆಳಗೆ ನಿಂತಿದೆ, ಹೋಗಿ ನೋಡಿ."

ಪ್ರತಿಯೊಂದು ಮಾತಿಗೂ ಒಂದೊಂದು ಉತ್ತರ. ಜಲಜಾಕ್ಷಿ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಗ್ಗಿದಳು.

"ಸರ್ವೋತ್ತಮರೇ, ಈ ಮಕ್ಕಳಷ್ಟು ಚೊಕ್ಕವಾಗಿ ಲೆಕ್ಕ ಬರೆಯುವವರು ಯಾವ ಕಳ್ಳನಿಗೆ ಸಿಗ್ತಾರೆ ಹೇಳಿ? ಸಂಬಳ ಕೊಡಬೇಕಾಗಿಲ್ಲ, ಬದಲಿಗೆ ಅವರೇ ಫೀಸು ಕೊಡ್ತಾರೆ. ತಪ್ಪಾದರೆ ಮೇಷ್ಟ್ರು ತಿದ್ದಿ ಕೊಡ್ತಾರೆ. ಹೊರಗೆ ವೇದಿಕೆಯ ಮೇಲೆ ಹೇಳಿದ್ರಲ್ಲ, ಮಷೀನಿನ ಮುಂದೆ ಕೂರುವ ಮನುಷ್ಯ ಅಂತ. ಅದು ಇದೇ ಅಲ್ಲವಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ!"

"ಬಿಲ್ಲಿನ ಬುಡದಲ್ಲಿ ನೋಡಿ. ನಿಮ್ಮ ಹೆಸರಿಲ್ಲ. ಮೇಷ್ಟ್ರ ಹೆಸರೂ ಇಲ್ಲ. ಒಬ್ಬ ಹೋಟೆಲಿನವರ ಮಗಳ ಹೆಸರು ಉಂಟು. ನಾಳೆ ಪೊಲೀಸರು ಹಿಡಿದುಕೊಂಡು ಹೋಗುದು ಅವಳನ್ನು."

ಅವನು ಬಗ್ಗಿ ನೋಡಿದ. ಮೊದಲ ಬಾರಿಗೆ ಅವನ ಮುಖದ ಬಣ್ಣ ಬದಲಾಯಿತು. ಕಾಗದವನ್ನು ಕಣ್ಣಿನ ಹತ್ತಿರ ತಂದು ಮತ್ತೆ ಓದಿ ಮೆಲ್ಲನೆ ಕೆಳಗಿಟ್ಟ.

"ನಾನು ಪೊಲೀಸರ ಹತ್ತಿರ ಹೋಗಲಿಲ್ಲ, ಹೌದು" ಎಂದ. ಈಗ ದನಿಯಲ್ಲಿ ವೇದಿಕೆಯ ಗತ್ತು ಇರಲಿಲ್ಲ. "ಹೋದರೆ ಇನ್‌ಸ್ಟಿಟ್ಯೂಟು ಮುಚ್ಚಬೇಕಾಗ್ತದೆ. ಅಷ್ಟು ಮಕ್ಕಳ ಸರ್ಟಿಫಿಕೇಟಿಗೆ ಕಿಮ್ಮತ್ತಿಲ್ಲದೆ ಹೋಗ್ತದೆ. ಹೆದರಿದೆ. ಆದರೆ ಈ ಬಿಲ್ಲು ಹೊರಗೆ ಬಿಟ್ಟವನು ನಾನಲ್ಲ. ತೆರಿಗೆ ನಂಬರು ಹಾಕಿ ಅಸಲಿ ಪ್ರಿಂಟು ತೆಗೀಬೇಕಾದ್ರೆ ಮೇಷ್ಟ್ರ ಪಾಸ್‌ವರ್ಡೇ ಬೇಕು. ಅದು ನನ್ನ ಹತ್ತಿರವೂ ಇಲ್ಲ. ನನ್ನ ಮಾತು ನಂಬಬೇಡಿ. ನೀವೇ ನೋಡಿ."

ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಪ್ರಾಕ್ಟೀಸ್ ಕಂಪನಿಯೊಳಗೆ ಯಾರು ಯಾವಾಗ ಬಂದು ಏನು ಮಾಡಿದರೆಂದು ಸಾಲು ಸಾಲಾಗಿ ಕಾಣುತ್ತಿತ್ತು. ಮಕ್ಕಳ ಹೆಸರುಗಳ ನಡುನಡುವೆ ವಸಂತಕುಮಾರ ಎಂಬ ಹೆಸರು. ಸರ್ವೋತ್ತಮ ಬೆರಳಿನಿಂದ ತೋರಿಸುತ್ತ ಕೆಳಗೆ ಬಂದ. ಹೋದ ತಿಂಗಳು. ಹೋದ ವಾರ. ಅವನ ಬೆರಳು ನಿಂತಿತು.

"ಇದೆಂತದು?"

"ಎಂತ?"

"ಇವತ್ತಿನ ತಾರೀಕು."

ಕಾಣೆಯಾದ ಮನುಷ್ಯ ಇವತ್ತು ಒಳಗೆ ಬಂದಿದ್ದ. ಬಂದವನು ಹೊರಗೆ ಹೋಗಿರಲಿಲ್ಲ. ಈ ಗಳಿಗೆಯಲ್ಲೂ ಒಳಗೇ ಇದ್ದ.

ಸರ್ವೋತ್ತಮ ಮೌಸಿಗೆ ಕೈ ಹಾಕಿದ. ಜಲಜಾಕ್ಷಿ ಅವನ ಮಣಿಕಟ್ಟು ಹಿಡಿದಳು.

"ಮುಚ್ಚಬೇಡಿ. ಎಲ್ಲಿಂದ ಬಂದಿದ್ದಾರೆ ಅಂತ ಗೊತ್ತಾಗ್ತದಾ?"

"ಹಾಗೆ ಗೊತ್ತಾಗುದಿಲ್ಲ. ಮೇಷ್ಟ್ರು ಕಲಿಸುವ ನಮ್ಮ ಡೊಂಬಿವಲಿ ಬ್ರಾಂಚಿನಿಂದ ಅಲ್ಲ, ಅಷ್ಟು ಹೇಳಬಹುದು. ಹೊರಗಿನ ಯಾವುದೋ ಇಂಟರ್‌ನೆಟ್ಟು."

"ಅವರು ಮಾಡುತ್ತಿರುವುದನ್ನು ನೋಡಬಹುದಾ?"

"ಬಿಲ್ಲು ಉಳಿಸಿದ ಮೇಲೆ ನೋಡಬಹುದು."

ಇಬ್ಬರೂ ಪರದೆಯನ್ನೇ ನೋಡುತ್ತ ಕುಳಿತರು. ಎ.ಸಿ. ಗುಂಯ್‌ಗುಡುತ್ತಿತ್ತು. ಸರ್ವೋತ್ತಮನ ಅಂಗಿಯ ಕಂಕುಳು ಅಷ್ಟು ತಂಪಿನಲ್ಲೂ ಒದ್ದೆಯಾಗಿತ್ತು. ಇವನು ನಾಟಕ ಆಡುತ್ತಿಲ್ಲ ಎಂದು ಜಲಜಾಕ್ಷಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಬೆಳಿಗ್ಗೆಯಿಂದ ಇವನೇ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು. ಇವನಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು.

ಹೊಸ ಸಾಲೊಂದು ಮೂಡಿತು.

ಸರ್ವೋತ್ತಮ ಅದನ್ನು ತೆರೆದ. ಗಂಧರ್ವ ಸ್ಟೀಲ್. ಹೊಸ ಗಿರಾಕಿ, ಭಿವಂಡಿಯವನು. ಸರಕು: ಸರಳು. ಗಾಡಿ ನಂಬರಿನ ಕೊನೆಗೆ 6170.

"ಸ್ಕೂಟರು ಈಗಲೂ ಓಡ್ತಾ ಉಂಟು" ಎಂದಳು ಜಲಜಾಕ್ಷಿ.

"ನಿಲ್ಲಿ. ಕೆಳಗೆ ಎಂತದೋ ಬರೆದಿದ್ದಾನೆ."

ಬಿಲ್ಲಿನ ಬುಡದಲ್ಲಿ ವಿವರಣೆಯ ಜಾಗ. ಯಾವ ವ್ಯವಹಾರ, ಯಾತಕ್ಕಾಗಿ ಎಂದು ಒಂದು ವಾಕ್ಯ ಬರೆಯುವ ಆ ಜಾಗವನ್ನು ಮಕ್ಕಳು ದಿನಾ ತೆರೆದು ನೋಡುತ್ತಾರೆ. ಅದನ್ನು ಓದದೆ ಮುಂದೆ ಹೋದರೆ ಮೇಷ್ಟ್ರು ಬೈಯುತ್ತಿದ್ದರಂತೆ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಇತ್ತು. ಪಕ್ಕದಲ್ಲಿ ನಿಂತು ಕಾಯುವವರಿಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದಿಂದ ಬರೆದಂತಿತ್ತು.

ಸರ್ವೋತ್ತಮ ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಅನುಷ್ಕಾ... ನಮ್ಮ ಮನೆಗೆ... ಹೋಗಬೇಡ."

ಅವನು ಓದಿ ಮುಗಿಸುವಷ್ಟರಲ್ಲಿ ಬಿಲ್ಲು ಮಾಯವಾಯಿತು. ಯಾರೋ ಅಳಿಸಿದ್ದರು. ಪಟ್ಟಿಯಲ್ಲಿ ವಸಂತಕುಮಾರನ ಹೆಸರಿನ ಮುಂದೆ, ಹೊರಗೆ ಹೋದ ಗುರುತು ಬಂತು.

"ಎಂತ ಇದು ಮೇಡಂ? ನಮ್ಮ ಮನೆ ಅಂದ್ರೆ... ಅವನ ಮನೆಯಾ? ಅಲ್ಲಿ ದ್ರೌಪದಿ ಮಾತ್ರ ಅಲ್ಲವಾ ಇರುದು?"

ಜಲಜಾಕ್ಷಿಯ ಹೆಬ್ಬೆರಳು ಆಗಲೇ ಮೊಬೈಲಿನಲ್ಲಿ ಅನುಷ್ಕಾಳ ಹೆಸರು ಹುಡುಕುತ್ತಿತ್ತು. ಒತ್ತಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಎತ್ತು ಮಗಾ, ಎತ್ತು.

ಕೊನೆಗೂ ಎತ್ತಿದರು.

"ಹಲೋ, ಅನುಷ್ಕಾ?"

"ಹೇಳಿ ಜಲಜಕ್ಕ." ದ್ರೌಪದಿಯ ದನಿ. ಯಾವ ಗಡಿಬಿಡಿಯೂ ಇಲ್ಲ.

"ಅನುಷ್ಕಾ ಎಲ್ಲಿ?"

"ಅವಳಾ? ನೀವು ಹೋದ ಕೂಡ್ಲೆ ಹೊರಟಳಲ್ಲ. ಊಟ ಕೂಡ ಬೇಡ ಅಂದಳು. ಇಷ್ಟೊತ್ತಿಗೆ ಮನೆ ಸೇರಿರಬೇಕು."

ಜಲಜಾಕ್ಷಿ ಮೊಬೈಲನ್ನು ಕಿವಿಯಿಂದ ತೆಗೆದು ಪರದೆ ನೋಡಿದಳು. ತಪ್ಪಿರಲಿಲ್ಲ. ಅವಳು ಕರೆ ಮಾಡಿದ್ದು ಅನುಷ್ಕಾಳ ನಂಬರಿಗೇ.

"ದ್ರೌಪದಿ" ಎಂದಳು ಮೆಲ್ಲಗೆ, "ಅವಳು ಹೋಗಿದ್ದರೆ ಅವಳ ಫೋನು ನಿನ್ನ ಕೈಯಲ್ಲಿ ಹೇಗೆ?"

ಅತ್ತ ಕಡೆಯಿಂದ ಉತ್ತರದ ಬದಲು, ಮನೆಯ ಯಾವುದೋ ಒಳಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ದಬದಬ ಬಡಿಯುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

ಫೋನು ಕಟ್ಟಾಯಿತು.